ಹವಾನಗರದ ಮಾಸ್ಟರ್‌ಜೀ

ಬೋಜಮ್ಮನಿಗೆ ಚೌಕಾಸಿ ಎಂದರೆ ಮೈಯೆಲ್ಲ ಉರಿಯುತ್ತದೆ. ದೆಹಲಿಯ ಮಯೂರ್ ವಿಹಾರಿನ ಸೊಸೈಟಿಯ ಗೇಟಿನ ಮುಂದೆ ಬೆಳಿಗ್ಗೆ ತರಕಾರಿ ಗಾಡಿ ಬಂದು ನಿಂತಾಗ ಉಳಿದ ಹೆಂಗಸರೆಲ್ಲ ಭಯ್ಯಾನ ಜೊತೆ ಐದು ರೂಪಾಯಿಗೆ ಹತ್ತು ನಿಮಿಷ ಜಗ್ಗಾಡುತ್ತಾರೆ, ಕೊನೆಗೆ ಒಂದು ಹಿಡಿ ಕೊತ್ತಂಬರಿಯನ್ನೂ ಪುಕ್ಕಟೆ ಎತ್ತಿಕೊಂಡು ಹೋಗುತ್ತಾರೆ. ಬೋಜಮ್ಮ ಅವನು ಕೇಳಿದಷ್ಟು ಕೊಟ್ಟು ಚೀಲ ತುಂಬಿಸಿಕೊಂಡು ಬರುತ್ತಾಳೆ. ಅಕ್ಕಪಕ್ಕದವರು ಇದನ್ನು ಜಂಬ ಎಂದುಕೊಂಡಿದ್ದಾರೆ. ಫೌಜಿ ಪಿಂಚಣಿಯ ಸೊಕ್ಕು ಎಂದು ಒಬ್ಬಳು ಲಿಫ್ಟಿನಲ್ಲಿ ಕೇಳಿಸುವಂತೆಯೇ ಅಂದಿದ್ದಳು. ಅನ್ನಲಿ. ಬೇರೆಯವರ ಕೈಕೆಲಸಕ್ಕೆ ಬೆಲೆ ಕಟ್ಟುವ ನಾಲಿಗೆಯ ಮೇಲೆ ಬೋಜಮ್ಮನಿಗಿರುವ ಸಿಟ್ಟು ನಿನ್ನೆ ಮೊನ್ನೆಯದಲ್ಲ, ಮೂವತ್ತು ವರ್ಷದ್ದು.

ಅದು ಶುರುವಾದದ್ದು ಜಬಲ್ಪುರದ ಕಂಟೋನ್ಮೆಂಟಿನಲ್ಲಿ. ಗೋಣಿಕೊಪ್ಪದ ಕಡೆಯ ಹುಡುಗಿ, ಇಪ್ಪತ್ತೆರಡು ವರ್ಷ, ಪೂಣಚ್ಚನನ್ನು ಮದುವೆಯಾಗಿ ಎರಡು ಟ್ರಂಕು ಹೊತ್ತುಕೊಂಡು ರೈಲಿಳಿದವಳು. ಪೂಣಚ್ಚ ಆಗ ಸೈನ್ಯದಲ್ಲಿ ಬರೀ ನಾಯಕ್. ಕ್ವಾರ್ಟರ್ಸು ಎಂದರೆ ಒಂದೂವರೆ ಕೋಣೆ. ಹೊತ್ತು ಹೋಗದೆ ತನ್ನದೇ ಹಳೇ ರವಿಕೆಗಳನ್ನು ಬಿಚ್ಚಿ ಮತ್ತೆ ಹೊಲಿದು, ಕಲಿಸುವವರಿಲ್ಲದೆ ಕಲಿತಳು. ಕೈ ಚೆನ್ನಾಗಿತ್ತು. ಆರು ತಿಂಗಳಿಗೆ ಸುದ್ದಿ ಅಧಿಕಾರಿಗಳ ಬಂಗಲೆಗಳನ್ನು ಮುಟ್ಟಿತು, ಮೇಮ್‌ಸಾಬ್‌ಗಳು ಬಟ್ಟೆ ಕಳಿಸತೊಡಗಿದರು. ಬೋಜಮ್ಮ, ಈ ಫಾಲ್ ಹಾಕಿಬಿಡು. ಬೋಜಮ್ಮ, ಈ ತೋಳು ಸ್ವಲ್ಪ ಬಿಗಿ ಮಾಡು. ಕೂಲಿ ಎಂದರೆ ಯಾರೋ ತೊಟ್ಟುಬಿಟ್ಟ ಸ್ವೆಟರ್, ದೀಪಾವಳಿಯ ಡಬ್ಬಿಯಲ್ಲಿ ಉಳಿದ ನಾಲ್ಕು ಲಡ್ಡು. ಒಮ್ಮೆ ಧೈರ್ಯ ಮಾಡಿ ಬಾಯಿಬಿಟ್ಟು ಬೆಲೆ ಹೇಳಿದಳು. ಮೇಜರ್ ಸಾಹೇಬರ ಹೆಂಡತಿ ನಕ್ಕು, ಎಲ್ಲ ಒಂದೇ ಮನೆಯವರಲ್ಲವೇ, ನಮ್ಮಲ್ಲಿ ನಮ್ಮಲ್ಲೇ ಎಂಥ ಲೆಕ್ಕ ಎಂದು ಅದರ ಅರ್ಧ ಕೊಟ್ಟಳು. ತಿರುಗಿ ಮಾತಾಡುವಂತಿರಲಿಲ್ಲ. ಗಂಡನ ರಜೆಗೆ ಸಹಿ ಹಾಕುವವರು ಆ ಮೇಜರ್ ಸಾಹೇಬರೇ.

ಅದೇ ಹೆಂಗಸನ್ನು ಬೋಜಮ್ಮ ಒಂದು ಶನಿವಾರ ಸದರ್ ಬಜಾರಿನಲ್ಲಿ ನೋಡಿದಳು. ಗಂಡಸು ಟೈಲರನ ಅಂಗಡಿ. ಕೊರಳಿಗೆ ಟೇಪು, ಬಿಳಿ ಮೀಸೆ, ಮೂಗಿನ ಮೇಲೆ ಕನ್ನಡಕ. ಮೇಮ್‌ಸಾಬ್ ಅವನ ಕಟ್ಟೆಯ ಮುಂದೆ ನಿಂತೇ ಇದ್ದಳು, ಮಾಸ್ಟರ್‌ಜೀ, ದಯವಿಟ್ಟು ಮಂಗಳವಾರದೊಳಗೆ ಕೊಡಿ ಎನ್ನುತ್ತಿದ್ದಳು. ಅವನು ತಲೆಯೆತ್ತದೆ ಬೆಲೆ ಹೇಳಿದ. ಅವಳು ತೆಪ್ಪಗೆ ಪರ್ಸು ತೆಗೆದಳು. ಆ ಮಾಸ್ಟರ್‌ಜೀ ಹೊಲಿದ ರವಿಕೆಯ ಕಂಕುಳ ಸೊಟ್ಟಗಿರುತ್ತಿತ್ತು, ಸರಿ ಮಾಡಲೆಂದು ಅದು ಆಮೇಲೆ ಬೋಜಮ್ಮನ ಮನೆಗೇ ಬರುತ್ತಿತ್ತು. ಅವತ್ತು ಬಜಾರಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ಬೋಜಮ್ಮ ಹಲ್ಲು ಕಚ್ಚಿಕೊಂಡಿದ್ದಳು.

ಜಬಲ್ಪುರ ಆಯಿತು, ಅಂಬಾಲಾ ಆಯಿತು, ಝಾನ್ಸಿ, ಮತ್ತೆ ಅಂಬಾಲಾ. ಊರು ಬದಲಾಯಿತು, ಲಡ್ಡು ಬದಲಾಗಲಿಲ್ಲ. ಪೂಣಚ್ಚ ಸುಬೇದಾರನಾಗಿ ನಿವೃತ್ತನಾದ, ನೋಯ್ಡಾದ ಒಂದು ಮಾಲಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆದ, ಮಯೂರ್ ವಿಹಾರಿನಲ್ಲಿ ಮನೆಯಾಯಿತು. ಇನ್ನು ಮೇಲೆ ಯಾರ ಹಂಗೂ ಇಲ್ಲ, ಒಂದು ಬೋರ್ಡು ಹಾಕಿಕೊಂಡು ಅಂಗಡಿ ಇಡೋಣ ಎನ್ನುವ ಹೊತ್ತಿಗೆ ಬೋಜಮ್ಮನ ಬೆರಳ ಗೆಣ್ಣುಗಳು ಬಾತುಕೊಂಡವು. ಸೂಜಿ ಹಿಡಿದರೆ ಕಣ್ಣಲ್ಲಿ ನೀರು. ಡಾಕ್ಟರು ಇದು ವಾತ, ಇನ್ನು ಹೊಲಿಗೆ ಬಿಡಿ ಎಂದರು. ಮೆಷಿನನ್ನು ಮಾರಿದ ದಿನ ಅವಳು ಯಾರ ಮೇಲೋ ತಿಳಿಯದ ಕೋಪದಲ್ಲಿ ಅಡಿಗೆಯನ್ನೇ ಮಾಡಲಿಲ್ಲ.

ಹವಾನಗರವನ್ನು ತೋರಿಸಿಕೊಟ್ಟವನು ಮಗ ಕರಣ್. ನೌಕಾಪಡೆಯಲ್ಲಿರುವವನು, ಲಾಕ್‌ಡೌನಿನಲ್ಲಿ ರಜೆಗೆ ಬಂದು ಎರಡು ತಿಂಗಳು ಮನೆಯಲ್ಲೇ ಸಿಕ್ಕಿಕೊಂಡಿದ್ದ. ಹವಾನಗರ ಎಂದರೆ ಕಂಪ್ಯೂಟರಿನೊಳಗಿನ ಒಂದು ಊರು. ಒಳಗೆ ಹೋದವರಿಗೆಲ್ಲ ಒಂದೊಂದು ಗೊಂಬೆ. ಅದು ನಡೆಯುತ್ತದೆ, ಕೂರುತ್ತದೆ, ನಾವು ಕೀಲಿ ಒತ್ತಿ ಬರೆದದ್ದನ್ನು ಆಡುತ್ತದೆ. ಅಲ್ಲಿ ಬೀದಿಗಳಿವೆ, ಬಾಡಿಗೆಗೆ ಅಂಗಡಿಗಳಿವೆ, ಗೊಂಬೆಗಳಿಗೆ ಮದುವೆಯೂ ಆಗುತ್ತದೆ. ಮದುವೆ ಎಂದ ಮೇಲೆ ಸೀರೆ ಬೇಕು, ರವಿಕೆ ಬೇಕು. ಅವನ್ನು ಯಾರಾದರೂ ಚಿತ್ರದಂತೆ ಬರೆದು, ಕತ್ತರಿಸಿ, ಗೊಂಬೆಯ ಮೈಗೆ ಕೂರಿಸಿ ಮಾರಬೇಕು. ಕೊಳ್ಳುವವರು ಕೊಡುವುದು ಆ ಊರಿನ ನಾಣ್ಯ, ಬೇಕಾದರೆ ಅದನ್ನು ರೂಪಾಯಿ ಮಾಡಿಕೊಳ್ಳಬಹುದು.

ಬೋಜಮ್ಮನಿಗೆ ಇದೆಲ್ಲ ಮೊದಲು ಹುಚ್ಚಾಟವಾಗಿ ಕಂಡಿತು. ಆಮೇಲೆ ಮೌಸು ಹಿಡಿದು ನೋಡಿದಳು. ಅಂಗೈಯಿಂದ ತಳ್ಳಿದರೆ ಸಾಕು, ಬೆರಳು ನೋಯುವುದಿಲ್ಲ. ಪರದೆಯ ಮೇಲೆ ಒಂದು ಗೆರೆ ಎಳೆದಳು. ರವಿಕೆಯ ಕಂಕುಳ. ಸೊಟ್ಟಗಿರಲಿಲ್ಲ.

ಕಲಿಯಲು ಆರು ತಿಂಗಳು ಹಿಡಿಯಿತು. ಕರಣ್ ಎರಡು ವಾರ ಕೂತು ಕಲಿಸಿ ವಿಶಾಖಪಟ್ಟಣಕ್ಕೆ ಹೋದ. ಉಳಿದದ್ದನ್ನು ಫೋನಿನಲ್ಲಿ ಅವನ ಜೀವ ಹಿಂಡಿ ಕೇಳಿಕೊಂಡಳು. ಅಂಗಡಿ ತೆರೆಯುವ ಮುನ್ನ ಗೊಂಬೆಗೆ ರೂಪ ಕೊಡಬೇಕಿತ್ತು. ಬೋಜಮ್ಮ ಒಂದೊಂದೇ ಆರಿಸಿದಳು: ಬಿಳಿ ಮೀಸೆ, ಮೂಗಿನ ಮೇಲೆ ಕನ್ನಡಕ, ಕೊರಳಿಗೆ ಟೇಪು. ಹೆಸರು ಮಾಸ್ಟರ್‌ಜೀ. ಕರಣ್ ವಿಡಿಯೋ ಕರೆಯಲ್ಲಿ ಬಿದ್ದು ಬಿದ್ದು ನಕ್ಕ. ಬೋಜಮ್ಮ ನಗಲಿಲ್ಲ.

ಹವಾನಗರದ ಉಳಿದ ಅಂಗಡಿಗಳಲ್ಲಿ ಲೆಹಂಗಾ, ಇಲ್ಲವೇ ಮುಂದೆ ನಿರಿಗೆಯ ಸೀರೆ. ಗೊಂಬೆ ನಡೆದರೆ ಆ ನಿರಿಗೆ ಹಲಗೆಯಂತೆ ಸೆಟೆದುಕೊಂಡಿರುತ್ತಿತ್ತು. ಬೋಜಮ್ಮ ತನ್ನ ಕೊಡಗಿನ ಕಡೆಯ ಸೀರೆ ತೆಗೆದಳು. ನಿರಿಗೆ ಬೆನ್ನ ಹಿಂದೆ, ಸೆರಗು ಎಡತೋಳಿನ ಕೆಳಗಿನಿಂದ ಬಂದು ಬಲಹೆಗಲ ಮೇಲೆ. ಗೊಂಬೆ ಹೆಜ್ಜೆ ಹಾಕಿದಾಗ ಹಿಂದಿನ ನಿರಿಗೆ ತಾನೂ ಒಂದು ಹೆಜ್ಜೆ ಹಾಕುವಂತೆ ಮಾಡಲು ಅವಳಿಗೆ ನಾಲ್ಕು ತಿಂಗಳು ಬೇಕಾಯಿತು. ಬೇರೆ ಯಾರಿಗೂ ಅದು ಬರಲಿಲ್ಲ. ಸೀರೆಗಳನ್ನು ಗೋಡೆಯುದ್ದಕ್ಕೂ ಬೆನ್ನು ಕಾಣುವಂತೆ ತೂಗುಹಾಕಿದಳು. ಜನ ಬಂದರು. ಬಂದವರು ಬೆಲೆ ಕೇಳಿದರು, ಮಾಸ್ಟರ್‌ಜೀ ಹೇಳಿದ, ಕೊಟ್ಟರು. ನಾಲ್ಕು ವರ್ಷದಲ್ಲಿ ಒಬ್ಬರೂ, ಹೌದು, ಒಬ್ಬರೂ ಚೌಕಾಸಿ ಮಾಡಲಿಲ್ಲ. ಕಾನ್ಪುರದ ಒಬ್ಬಳಿದ್ದಳು, ಹವಾನಗರದಲ್ಲಿ ರಾಣಿಸಾಹಿಬಾ ಎಂದು ಹೆಸರಿಟ್ಟುಕೊಂಡವಳು. ಪಕ್ಕದ ಬಳೆ ಅಂಗಡಿಯ ಹುಡುಗಿಯ ಪ್ರಾಣ ತಿನ್ನುತ್ತಿದ್ದಳು. ಮಾಸ್ಟರ್‌ಜೀಯ ಕಟ್ಟೆಗೆ ಬಂದರೆ ಮಾತ್ರ ಅವಳ ಗೊಂಬೆ ಕೈಮುಗಿದು ನಿಲ್ಲುತ್ತಿತ್ತು, ಹೇಳಿದ ಬೆಲೆಗೆ ಹೂಂ ಎನ್ನುತ್ತಿತ್ತು.

ಮಧ್ಯಾಹ್ನ ಎರಡರಿಂದ ಐದರವರೆಗೆ, ಗಂಡ ಡ್ಯೂಟಿಯಲ್ಲಿರುವಾಗ, ಬೋಜಮ್ಮ ಕುರ್ಚಿಯಲ್ಲಿ ಕೂತು ಇದನ್ನು ಅನುಭವಿಸುತ್ತಿದ್ದಳು. ಮಗ ಬಿಳಿ ಯೂನಿಫಾರಂ ತೊಟ್ಟು ಪೆರೇಡಿನಲ್ಲಿ ನಡೆದ ದಿನವೂ ಇಷ್ಟು ಸುಖವಾಗಿರಲಿಲ್ಲ. ಯಾರಿಗಾದರೂ ಹೇಳಿದರೆ ಥೂ ಎಂದಾರು, ಅದಕ್ಕೆ ಹೇಳಿರಲಿಲ್ಲ. ಪೂಣಚ್ಚನ ಪಾಲಿಗೆ ಹೆಂಡತಿ ಕಂಪ್ಯೂಟರಿನಲ್ಲಿ ಆಟ ಆಡಿಕೊಂಡಿದ್ದಳು.

ಮೈನಾ ಎಂಬ ಗೊಂಬೆ ಈ ಜನವರಿಯಲ್ಲಿ ಅಂಗಡಿಗೆ ಬಂತು. ಮೊದಲು ಒಂದು ಸೀರೆ ಕೊಂಡಿತು. ಮಾರನೆಯ ದಿನ ಸುಮ್ಮನೆ ಬಂದು ಕೂತಿತು. ಮೂರನೆಯ ವಾರಕ್ಕೆ, ಮಾಸ್ಟರ್‌ಜೀ, ನನ್ನನ್ನು ಚೇಲಾ ಮಾಡಿಕೊಳ್ಳುತ್ತೀರಾ ಎಂದು ಹಿಂದಿಯಲ್ಲಿ ಬರೆಯಿತು. ಬೋಜಮ್ಮ ಆ ಸಾಲನ್ನು ಎರಡು ಸಲ ಓದಿಕೊಂಡಳು. ತನ್ನ ಕೈಕೆಳಗೆ ಕಲಿಯುತ್ತೇನೆಂದು ಯಾರೂ ಯಾವತ್ತೂ ಬಂದಿರಲಿಲ್ಲ. ಸೇರಿಸಿಕೊಂಡಳು. ಹುಡುಗಿ ಚುರುಕು. ಬಂದ ಗಿರಾಕಿಗಳನ್ನು ಮಾತಾಡಿಸುವಳು, ಬಣ್ಣಗಳನ್ನು ಜೋಡಿಸುವಳು, ಎಲ್ಲಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುವಳು. ಈ ಬೆಲೆ ಯಾಕೆ? ಇವರು ಪಕ್ಕದ ಅಂಗಡಿಯಲ್ಲಿ ಹಾಗೆ, ಇಲ್ಲಿ ಹೀಗೆ ಯಾಕೆ? ಕಲಿಯುವ ಆಸೆ ಎಂದುಕೊಂಡಳು ಬೋಜಮ್ಮ.

ಆ ಗೊಂಬೆಯ ಪರಿಚಯದ ಪುಟದಲ್ಲಿ ಕೆಳಗೆಲ್ಲೋ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಮಾತು ಬರೆದಿತ್ತು: ನಾನು ವಿದ್ಯಾರ್ಥಿನಿ, ಹವಾನಗರದ ವ್ಯಾಪಾರದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ, ನನ್ನೆದುರು ಆಡಿದ ಮಾತುಗಳನ್ನು ಅದರಲ್ಲಿ ಬಳಸಬಹುದು. ನಿಯಮದ ಪ್ರಕಾರ ತಿಳಿಸಿದಂತಾಯಿತಂತೆ. ಬಸ್ ಟಿಕೆಟಿನ ಹಿಂದೆ ಅಚ್ಚಾದದ್ದನ್ನು ಓದುವವರು ಯಾರು? ಬೋಜಮ್ಮನಂತೂ ಓದಿರಲಿಲ್ಲ. ಎಲ್ಲ ಆದ ಮೇಲೆ ಕರಣ್ ಹುಡುಕಿ ಓದಿ ಹೇಳಿದ.

ಮಾರ್ಚಿನಲ್ಲಿ ನಿರಿಗೆಯ ಪಾಠ ಬಂತು. ಅದನ್ನು ಕೀಲಿ ಒತ್ತಿ ಬರೆದು ಕಲಿಸುವುದು ಆಗದ ಮಾತು, ಬೆರಳೂ ಅವತ್ತು ಕೆಂಡದಂತೆ ಸುಡುತ್ತಿತ್ತು. ನಾಲ್ಕು ವರ್ಷ ಮುಟ್ಟದ ಮೈಕನ್ನು ಬೋಜಮ್ಮ ಆನ್ ಮಾಡಿ ಹಿಂದಿಯಲ್ಲಿ, ಈಗ ಬಲಗಡೆಯ ಅಂಚು ಹಿಡಿ ಎಂದಳು. ಹೆಂಗಸಿನ ದನಿ ಕೇಳಿ ಹುಡುಗಿ ದಂಗಾಗಿದ್ದಳು. ಅಯ್ಯೋ ಎಂಥ ಕೆಲಸ ಆಯ್ತು ಎಂದು ಬೋಜಮ್ಮ ತನ್ನಷ್ಟಕ್ಕೆ ಗೊಣಗಿದ್ದೂ ಮೈಕಿನಲ್ಲಿ ಹೋಯಿತು.

"ಆಂಟಿ, ನೀವು ಕನ್ನಡದವರಾ?" ಎಂದಿತು ಆ ಕಡೆಯ ದನಿ. "ನಾನೂನು. ನಮ್ಮನೆ ಆರ್.ಕೆ.ಪುರಂ."

ಅಲ್ಲೇ ಮೈಕು ಆರಿಸಿ ಎದ್ದುಹೋಗಬೇಕಿತ್ತು. ಬೋಜಮ್ಮ ಎದ್ದುಹೋಗಲಿಲ್ಲ. ಮೂವತ್ತು ವರ್ಷದಲ್ಲಿ ಯಾರೂ ಕೇಳದಿದ್ದುದನ್ನು ಆ ಹುಡುಗಿ ಒಂದು ತಿಂಗಳ ಮಧ್ಯಾಹ್ನಗಳಲ್ಲಿ ಒಂದೊಂದಾಗಿ ಕೇಳಿದಳು, ಬೋಜಮ್ಮ ಒಂದೊಂದಾಗಿ ಹೇಳಿದಳು. ಜಬಲ್ಪುರ, ಲಡ್ಡು, ಸದರ್ ಬಜಾರು, ಮೀಸೆ ಯಾಕೆ ಇಟ್ಟೆ ಎಂಬುದು. ಗಂಡನಿಗೆ ಹೇಳದ್ದನ್ನು ಹೇಳಿದಳು. ಒಂದು ದಿನ ಮನೆಗೆ ಬಾ, ಕಡಂಬುಟ್ಟು ಮಾಡಿ ಹಾಕುತ್ತೇನೆ ಎಂದು ಫ್ಲಾಟಿನ ನಂಬರನ್ನೂ ಕೊಟ್ಟಳು. ಹುಡುಗಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು.

ಅವಳ ನಿಜವಾದ ಹೆಸರು ಮೈತ್ರೇಯಿ. ಅಪ್ಪ ಚಂದ್ರಮೋಹನ, ಯಾವುದೋ ಮಂತ್ರಾಲಯದಲ್ಲಿ ಅಧಿಕಾರಿ. ಮಗಳು ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು. ಏಪ್ರಿಲ್‌ನಲ್ಲಿ ವಿಭಾಗದ ಸಭೆಯಲ್ಲಿ ತನ್ನ ಸಂಶೋಧನೆಯ ಬಗ್ಗೆ ಮಾತಾಡಿದಳು. ಮಾತಿನ ಜೊತೆ ತೋರಿಸಿದ ಚಿತ್ರಗಳನ್ನು ವಿಭಾಗದವರು ಇಂಟರ್‌ನೆಟ್ಟಿಗೆ ಹಾಕಿದರು. ಗುರುತು ಮುಚ್ಚಿಡಲು ವಿಭಾಗದಲ್ಲಿ ಕಲಿಸಿದ್ದನ್ನೆಲ್ಲ ಹುಡುಗಿ ಚಾಚೂತಪ್ಪದೆ ಪಾಲಿಸಿದ್ದಳು. ಮಾಸ್ಟರ್‌ಜೀ ಹೋಗಿ ಉಸ್ತಾದ್‌ಜೀ ಆಗಿದ್ದ. ಮುಖ ಮಸುಕು ಮಾಡಿದ್ದಳು, ಮೀಸೆ ಮಸುಕು, ಬೋರ್ಡು ಮಸುಕು. ಗೋಡೆಯನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಗೋಡೆಯ ತುಂಬ ಬೆನ್ನು ತೋರಿಸಿಕೊಂಡು ನಿಂತ ಸೀರೆಗಳು, ಒಂದೊಂದರಲ್ಲೂ ಹಿಂದೆ ನಿರಿಗೆ. ಆ ನಿರಿಗೆ ಮಡಿಸುವುದನ್ನು ವಾರಗಟ್ಟಲೆ ಕೂತು ಕಲಿತವಳು, ಹವಾನಗರದಲ್ಲಿ ಅದನ್ನು ಮಾಡುವವರು ಒಬ್ಬರೇ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ. ಅವಳ ಕಣ್ಣಿಗೆ ಅದು ಬರೀ ಸೌತ್ ಇಂಡಿಯನ್ ಸೀರೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಈ ಉಸ್ತಾದ್‌ಜೀ ನಿಜದಲ್ಲಿ ನಿವೃತ್ತ ಸೈನಿಕರೊಬ್ಬರ ಹೆಂಡತಿ. ಹೆಂಗಸೆಂದು ತಿಳಿದರೆ ಗಿರಾಕಿಗಳು ಚೌಕಾಸಿ ಮಾಡುತ್ತಾರೆಂಬ ಭಯದಿಂದ ಗಂಡುವೇಷ ಹಾಕಿದ್ದಾರೆ.

ಆ ಚಿತ್ರ ಹವಾನಗರವನ್ನು ಮುಟ್ಟಲು ಎರಡೇ ದಿನ ಸಾಕಾಯಿತು. ಮೊದಲು ಬಂದವಳು ರಾಣಿಸಾಹಿಬಾ. ಅವಳ ಗೊಂಬೆ ಕೈಮುಗಿಯಲಿಲ್ಲ, ನೇರ ಒಳಗೆ ಬಂದು ಕಟ್ಟೆಯ ಮೇಲೇ ಕೂತಿತು. ಅರೇ ಆಂಟೀಜೀ, ಮೊದಲೇ ಹೇಳಬಾರದಿತ್ತೇ ಎಂದು ಬರೆದು, ಅದೇ ಉಸಿರಿನಲ್ಲಿ, ಈ ಸೀರೆಗೆ ಇಷ್ಟು ಜಾಸ್ತಿಯಾಯಿತು, ಎರಡು ತೆಗೆದುಕೊಳ್ಳುತ್ತೇನೆ, ರವಿಕೆ ಹಾಗೇ ಕೊಟ್ಟುಬಿಡಿ ಎಂದಳು. ಆಮೇಲೆ ಮಿಕ್ಕವರೂ ಬಂದರು. ಒಬ್ಬಳು ತೋಳು ಸರಿಮಾಡಿಸಲು ಪುಕ್ಕಟೆ ಕೇಳಿದಳು, ನೀವು ನಮ್ಮ ತಾಯಿಯಂತೆ ಎಂದಳು. ಮೋಸಗಾರ್ತಿ ಎಂದು ಒಬ್ಬ ಅಂಗಡಿಯ ಬಾಗಿಲಲ್ಲೇ ಬರೆದು ಹೋದ. ಸೀರೆ ನಿನ್ನೆಯದೇ, ನಿರಿಗೆ ನಿನ್ನೆಯದೇ. ಬೆಲೆ ಮಾತ್ರ ಯಾರಿಗೂ ಒಗ್ಗದಾಯಿತು. ಹತ್ತು ದಿನದಲ್ಲಿ ಬೋಜಮ್ಮ ಮತ್ತೆ ಜಬಲ್ಪುರದ ಒಂದೂವರೆ ಕೋಣೆಗೆ ವಾಪಸು ಬಂದಿದ್ದಳು.

ಯಾರೋ ಗಿರಾಕಿ ಕಳಿಸಿದ ಲಿಂಕನ್ನು ಅವಳು ಕರಣ್‌ಗೆ ಕಳಿಸಿದಳು. ಅವನು ಫೋನಿನಲ್ಲಿ ಓದಿ ಅರ್ಥ ಹೇಳುತ್ತಾ ಹೋದ, ದಪ್ಪ ಅಕ್ಷರದ ಸಾಲಿಗೆ ಬಂದು ನಿಂತ. ಓದು ಎಂದಳು. ಓದಿದ. ಭಯ ಎಂದು ಬರೆದಿದ್ದಾಳಾ ಎಂದು ಕೇಳಿದಳು. ಹೌದು ಎಂದ. ಸಿಟ್ಟು ಎಂದು ಬರೆದಿದ್ದರೆ ಬೋಜಮ್ಮ ಅರ್ಧ ಕ್ಷಮಿಸುತ್ತಿದ್ದಳೇನೋ. ಪೂಣಚ್ಚನಿಗೂ ಹೇಳಲೇಬೇಕಾಯಿತು. ನಿವೃತ್ತ ಸೈನಿಕರ ಹೆಂಡತಿ ಗಂಡುವೇಷ ಹಾಕಿದಳು ಎಂದು ಊರೆಲ್ಲ ಓದುವಂತಾಯಿತಲ್ಲ ಎಂದು ಅವನು ಎರಡು ದಿನ ಮುಖ ತಿರುಗಿಸಿಕೊಂಡು ಕೂತ. ಮೂರನೆಯ ದಿನ ಆ ಆಟ ಮುಚ್ಚು ಎಂದ. ಅದು ಆಟ ಅಲ್ಲ ಎಂದಳು ಬೋಜಮ್ಮ.

ಮೈನಾಳ ಗೊಂಬೆ ದಿನವೂ ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು, ಬೋಜಮ್ಮ ಒಳಗೆ ಬಿಟ್ಟುಕೊಳ್ಳಲಿಲ್ಲ. ಮೇ ತಿಂಗಳ ಮೂರನೇ ವಾರ, ಬೀದಿನಾಯಿಗಳೂ ನೆರಳು ಬಿಟ್ಟು ಕದಲದ ಮಧ್ಯಾಹ್ನ, ಹುಡುಗಿ ಮನೆಯ ಬಾಗಿಲಿಗೇ ಬಂದಳು. ಮೆಟ್ರೋ ಇಳಿದು ನಡೆದೇ ಬಂದಿರಬೇಕು, ಮುಖ ಕೆಂಪಾಗಿ ಕುರ್ತಾ ಬೆನ್ನಿಗಂಟಿತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಇಷ್ಟು ಚಿಕ್ಕವಳೇ ಎಂದು ಬೋಜಮ್ಮನಿಗೆ ಒಂದು ಕ್ಷಣ ಅನ್ನಿಸಿತು, ಹಾಗನ್ನಿಸಿದ್ದಕ್ಕೇ ಇನ್ನಷ್ಟು ಕೋಪ ಬಂತು. ಒಳಗೆ ಕರೆದು ಕೂರಿಸಿದಳು. ಕಾಫಿ ಬೇಕಾ ಎಂದು ಕೇಳಲಿಲ್ಲ. ನೀರೂ ಕೊಡಲಿಲ್ಲ. ಕೊಡಗಿನವರ ಮನೆಯಲ್ಲಿ ಜಗಳಕ್ಕೆ ಬಂದವರಿಗೂ ಮೊದಲು ಕಾಫಿ ಬರುತ್ತದೆ, ಜಗಳ ಆಮೇಲೆ. ಬೋಜಮ್ಮ ಎದುರಿಗೆ ಕೂತು ಬಾತ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡಳು.

ಹುಡುಗಿ ಕ್ಷಮೆ ಕೇಳಿದಳು. ಚಿತ್ರಗಳನ್ನು ತೆಗೆಸಿಹಾಕಿದ್ದೇನೆ, ಮುಖ ಎಲ್ಲ ಮಸುಕು ಮಾಡಿದ್ದೆ, ಸೀರೆಯಿಂದ ಗುರುತು ಸಿಗುತ್ತದೆಂದು ನನಗೆ ಗೊತ್ತೇ ಆಗಲಿಲ್ಲ ಎಂದಳು. ಕಣ್ಣಲ್ಲಿ ನೀರೂ ಬಂತು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದಳು. ಹೀಗೆಲ್ಲ ಆದ ಮೇಲೆ ನಮ್ಮ ಗೈಡ್ ಮೇಡಂ ನಿಮ್ಮ ಲಿಖಿತ ಒಪ್ಪಿಗೆ ಬೇಕೇಬೇಕು ಅಂತಿದ್ದಾರೆ, ಇಲ್ಲದಿದ್ದರೆ ಮೂರನೇ ಅಧ್ಯಾಯ ತೆಗೆಯಬೇಕು, ಶುಕ್ರವಾರ ಕೊನೇ ದಿನ ಎಂದಳು. ಆ ಅಧ್ಯಾಯವೇ ಪ್ರಬಂಧದ ಜೀವ, ಉಳಿದದ್ದೆಲ್ಲ ಬರೀ ಪೀಠಿಕೆ.

"ಆಮೇಲೆ ಏನಾಯ್ತಲ್ಲ ಆಂಟಿ, ಅದೂ ತುಂಬಾ ಇಂಪಾರ್ಟೆಂಟ್," ಎಂದಳು, ಮಾತಿನ ಭರದಲ್ಲಿ. "ಮತ್ಲಬ್, ಲೇಡಿ ಅಂತ ಗೊತ್ತಾದ್ಮೇಲೆ ಎಲ್ರೂ ಬಾರ್ಗೇನ್ ಶುರು ಮಾಡಿದ್ರಲ್ಲ. ಅದು ನನ್ನ ಪಾಯಿಂಟನ್ನ ಪ್ರೂವ್ ಮಾಡುತ್ತೆ."

ಬೋಜಮ್ಮನ ಅಂಗಡಿ ಹಾಳಾದದ್ದು ಈ ಹುಡುಗಿಗೆ ಒಂದು ಪುಟ ಹೆಚ್ಚಿಗೆ ಸಿಕ್ಕ ಹಾಗೆ. ಎದ್ದು ಬಾಗಿಲು ತೋರಿಸುವುದು ಸುಲಭವಿತ್ತು. ಬೋಜಮ್ಮ ಹಾಗೆ ಮಾಡದೆ, ಕಾಗದದಲ್ಲಿ ಏನು ಬರೆದಿದೆ ಓದು ಎಂದಳು, ಕನ್ನಡದಲ್ಲಿ. ಹುಡುಗಿ ತಡವರಿಸುತ್ತ, ಮಧ್ಯೆ ಮಧ್ಯೆ ಹಿಂದಿ ಸೇರಿಸುತ್ತ ಓದಿದಳು. ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ, ನನ್ನ ಮಾತು, ನನ್ನ ಕೆಲಸದ ವಿವರ ಬಳಸಿಕೊಳ್ಳಬಹುದು. ಭಾಗವಹಿಸಿದವರು: ಪಿ-ಏಳು.

ಪಿ-ಏಳು ಯಾರು ಎಂದು ಬೋಜಮ್ಮ ಕೇಳಿದಳು. ನೀವೇ ಎಂದಳು ಹುಡುಗಿ, ಹೆಸರು ಬರೆಯುವ ಹಾಗಿಲ್ಲ, ನಿಮ್ಮ ರಕ್ಷಣೆಗೆ ಅಂತಲೇ ಆ ನಿಯಮ.

ಬೋಜಮ್ಮ ತನ್ನ ಷರತ್ತು ಹೇಳಿದಳು. ಸಹಿ ಹಾಕುತ್ತೇನೆ, ಇವತ್ತೇ ಹಾಕುತ್ತೇನೆ. ಆದರೆ ಅಧ್ಯಾಯದ ಮೊದಲಲ್ಲಿ ನನ್ನ ಹೆಸರು ಬರಬೇಕು, ಮನೆತನದ ಹೆಸರು ಸೇರಿಸಿ, ಪೂರ್ತಿ. ಬೋಜಮ್ಮ, ಟೈಲರ್. ಈ ನಿರಿಗೆ ಇವಳ ಕೆಲಸ, ನನಗೆ ಕಲಿಸಿದವಳು ಇವಳು ಎಂದು ನೀನು ಬರೆಯಬೇಕು. ಅಷ್ಟೇ.

ಹುಡುಗಿಯ ಮುಖ ಇಳಿಯಿತು. ಆಗುವುದೇ ಇಲ್ಲ ಎಂದಳು. ಹೆಸರು ಹಾಕಿದರೆ ವಿಶ್ವವಿದ್ಯಾಲಯದ ಕಮಿಟಿಯವರು ಪ್ರಬಂಧವನ್ನೇ ವಾಪಸು ಕಳಿಸುತ್ತಾರೆ.

"ನಾನು ಮರೆಯಲ್ಲಿ ಇರ್ಬೇಕು ಅಂತಿದ್ದ ಕಡೆ ಎಳ್ಕೊಂಡು ಬಂದು ಬಯಲಲ್ಲಿ ನಿಲ್ಲಿಸ್ದೆ," ಎಂದಳು ಬೋಜಮ್ಮ. "ಈಗ ಹೆಸರು ಬೇಕು ಅಂತ ನಾನೇ ಬಾಯಿಬಿಟ್ಟು ಕೇಳ್ತಿದ್ದೀನಿ. ಇಲ್ಲಿ ಮುಚ್ಚಿಡ್ತೀಯ. ಯಾರ ರಕ್ಷಣೆ ಇದು?"

ಹುಡುಗಿ ಫೋನು ಹಿಡಿದು ಬಾಲ್ಕನಿಗೆ ಹೋದಳು. ಆ ಬಿಸಿಲಲ್ಲಿ ನಿಂತು ಮೇಡಮ್ಮಿನ ಜೊತೆ ಇಂಗ್ಲಿಷಿನಲ್ಲಿ ತುಂಬ ಹೊತ್ತು ಮಾತಾಡಿದಳು. ಬಂದು ಕೂತು, ಮನೆತನದ ಹೆಸರು ಬಿಟ್ಟು ಬರೀ ಬೋಜಮ್ಮ ಎಂದರೆ ನಡೆಯುತ್ತದೇನೋ ಎಂದಳು. ಬೋಜಮ್ಮ ಬೇಡವೆಂದು ತಲೆಯಾಡಿಸಿದಳು. ಹುಡುಗಿ ಮತ್ತೆ ಎದ್ದು ಹೋದಳು, ಕರೆ ಮುಗಿಸದೆಯೇ ಮತ್ತೆ ಬಂದಳು. ಹೆಸರು ಪೂರ್ತಿ ಬೇಡವಂತೆ, ಮೊದಲ ಅಕ್ಷರ ಮಾತ್ರ ಹಾಕಬಹುದಂತೆ. ಅದಕ್ಕೂ ಬೋಜಮ್ಮ ಒಪ್ಪಲಿಲ್ಲ. ಹುಡುಗಿ ಕುರ್ಚಿಯ ತುದಿಗೆ ಜರುಗಿ ದನಿ ಮೆದು ಮಾಡಿದಳು. ಅಧ್ಯಾಯದಲ್ಲಿ ಬೇಡ, ಕೊನೆಯಲ್ಲಿ ಕೃತಜ್ಞತೆಯ ಪುಟ ಇರುತ್ತದೆ, ಅಲ್ಲಿ ಅಪ್ಪ ಅಮ್ಮನ ಹೆಸರಿನ ಜೊತೆ ನಿಮ್ಮದನ್ನೂ ಸೇರಿಸುತ್ತೇನೆ, ಪ್ರೀತಿಯ ಆಂಟಿ ಅಂತ. ಅದೂ ಬೇಡವಾದರೆ ಮಯೂರ್ ವಿಹಾರಿನ ಒಬ್ಬ ಆಂಟಿ ಅಂತ. ಚಲೋ, ಇಷ್ಟಕ್ಕೆ ಒಪ್ಪಿಕೊಳ್ಳಿ ಆಂಟಿ, ನೀವು ನಮ್ಮವರೇ ಅಲ್ವಾ, ನಮ್ಮ ನಮ್ಮಲ್ಲಿ ಏನಿದೆ ಎಂದಳು.

ಬೋಜಮ್ಮ ತಲೆಯೆತ್ತಿ ಅವಳ ಮುಖವನ್ನೇ ನೋಡಿದಳು. ಈ ದನಿಯನ್ನು, ಒಂದೊಂದೇ ಮೆಟ್ಟಿಲು ಇಳಿಸುತ್ತ ಬರುವ ಈ ಮೆದು ದನಿಯನ್ನು, ಅವಳು ಎಷ್ಟೋ ಮನೆಗಳ ವರಾಂಡದಲ್ಲಿ ನಿಂತು ಕೇಳಿದ್ದಳು.

"ಎರಡು ತಿಂಗಳು ಮಾಸ್ಟರ್‌ಜೀ ಮುಂದೆ ಕೂತಿದ್ದೆ," ಎಂದಳು. "ಅವನ ಹತ್ರ ಒಂದು ದಿನ ಚೌಕಾಸಿ ಮಾಡಿದ್ಯಾ?"

ಹುಡುಗಿ ಯೋಚಿಸಿ, ಇಲ್ಲ ಎಂದಳು.

"ಈಗ ಮಾಡ್ತಿರೋದೇನು?"

ಫೋನಿನಲ್ಲಿ ಮೇಡಂ ಇನ್ನೂ ಹಲೋ ಹಲೋ ಎನ್ನುತ್ತಿದ್ದರು. ಹುಡುಗಿಯ ಬಲಗೈ ಅಭ್ಯಾಸಬಲದಿಂದ ಚೀಲದಲ್ಲಿದ್ದ ನೋಟ್‌ಬುಕ್ಕಿನ ಕಡೆ ಹೋಯಿತು. ಬೋಜಮ್ಮ ನೋಡುತ್ತಿರುವುದು ಕಂಡು ನಡುವೆಯೇ ನಿಂತು ಮಡಿಲಿಗೆ ವಾಪಸು ಬಂತು. ಬೋಜಮ್ಮ ಸಹಿಯಿಲ್ಲದ ಕಾಗದವನ್ನು ಮೇಜಿನ ಮೇಲೆ ಅವಳ ಕಡೆ ತಳ್ಳಿದಳು. ಇದಿಲ್ಲದಿದ್ದರೆ ನನ್ನ ಒಂದು ವರ್ಷ ಹೋಗುತ್ತದೆ ಆಂಟಿ ಎಂದು ಹುಡುಗಿ ಬಾಗಿಲಲ್ಲಿ ನಿಂತು ಹೇಳಿದಳು. ಹೋಗಲಿ ಎಂದಳು ಬೋಜಮ್ಮ. ಅವಳಿಗೆ ಕನಿಕರ ಬರಲಿಲ್ಲ. ಬಂದೀತೇ ಎಂದು ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ನಿಲ್ಲುವವರೆಗೂ ಕಾದಳು, ಆದರೂ ಬರಲಿಲ್ಲ.

ಅವತ್ತು ಮಧ್ಯಾಹ್ನವೇ ಅವಳು ಗೊಂಬೆಯ ಮೀಸೆ ತೆಗೆದಳು. ಐವತ್ತಮೂರು ವರ್ಷದ ಹೆಂಗಸಿನ ಮುಖ ಇಟ್ಟಳು, ತಾನೇ ಮಾಡಿದ ಸೀರೆ ಉಡಿಸಿದಳು, ಬೋರ್ಡಿನ ಮೇಲೆ ಮನೆತನ ಸಹಿತ ತನ್ನ ಹೆಸರು ಬರೆದು ಮುಂದೆ ಟೈಲರ್ ಎಂದು ಸೇರಿಸಿದಳು. ಮೊದಲು ಬಂದ ಗೊಂಬೆ ಯಾರದೋ ಹೊಸದು. ಗೋಡೆಯ ಮೇಲಿನ ಒಂದು ಸೀರೆಯ ಸುತ್ತ ಎರಡು ಸಲ ಓಡಾಡಿ, ಬೆಲೆ ಕೇಳಿ, ಆಂಟೀ ಸ್ವಲ್ಪ ಕಮ್ಮಿ ಮಾಡಿ ಎಂದು ಬರೆಯಿತು. ಬೋಜಮ್ಮ ನೋಯುವ ಬೆರಳಿನಿಂದ ಒಂದೊಂದೇ ಕೀಲಿ ಒತ್ತಿ, ಆಗುವುದಿಲ್ಲ ಎಂದಳು. ಗೊಂಬೆ ಸ್ವಲ್ಪ ಹೊತ್ತು ನಿಂತು ಹೊರಟುಹೋಯಿತು. ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಮುಂದಿನವರು ಬರಲೆಂದು ಕೂತಳು.